ಮೂಗಿಗೆ ಗೊತ್ತಾಗದ ಪುಡಿ: ಲ್ಯಾಬ್‌ನಲ್ಲಿ ಸಿಂಥೆಟಿಕ್ ಸ್ಟೀರಾಯ್ಡ್ ಜೊತೆ ಕೆಲಸ ಮಾಡುವಾಗ

ಫಾರ್ಮಸಿ ಮತ್ತು ಬಯೋಟೆಕ್ ಓದುತ್ತಿರುವ ಮಕ್ಕಳ ಮುಂದೆ ಮಾತಾಡಿದ್ದು ಇದು. ಆವತ್ತು ಬರಲಾಗದವರು ಕೇಳಿದ್ದರಿಂದ ಬರೆದು ಹಾಕುತ್ತಿದ್ದೇನೆ. ಮಾತಿನಲ್ಲಿ ಹೇಗೆ ಬಂತೋ ಹೆಚ್ಚುಕಡಿಮೆ ಹಾಗೆಯೇ ಇಟ್ಟಿದ್ದೇನೆ. ಕೊನೆಯ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಗರ್ಭನಿರೋಧಕ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹಿಂಭಾಗ ಓದಿ. ಈಗಿನ ಸಾಮಾನ್ಯ ಮಾತ್ರೆಗಳಲ್ಲಿ ಇಥಿನೈಲ್ ಈಸ್ಟ್ರಡಯಾಲ್ ಅನ್ನುವ ಸಿಂಥೆಟಿಕ್ ಸ್ಟೀರಾಯ್ಡ್ ಹಾರ್ಮೋನ್ 20ರಿಂದ 35 ಮೈಕ್ರೋಗ್ರಾಂ ಇರುತ್ತದೆ. ಮಿಲಿಗ್ರಾಂ ಅಲ್ಲ, ಮೈಕ್ರೋಗ್ರಾಂ. 30 ಅಂತ ಇಟ್ಟುಕೊಳ್ಳಿ. ಹಾಗಾದರೆ ಒಂದು ಮಿಲಿಗ್ರಾಂ ಪುಡಿಯಲ್ಲಿ 33 ಮಾತ್ರೆಗಳ ಔಷಧ ಇದೆ. ಲ್ಯಾಬ್‌ಗೆ ತರಿಸುವ ಒಂದು ಗ್ರಾಂ ಬಾಟಲಿಯಲ್ಲಿ 33 ಸಾವಿರ ಮಾತ್ರೆಗಳದ್ದು ಇದೆ. ಒಬ್ಬ ಹೆಂಗಸು ತಿಂಗಳಿಗೆ 21ರಂತೆ ನುಂಗುತ್ತಾ ಹೋದರೂ 130 ವರ್ಷಕ್ಕೂ ಜಾಸ್ತಿ ಬರುವಷ್ಟು. ಆ ಬಾಟಲಿ ನಿಮ್ಮ ಹೆಬ್ಬೆರಳಿಗಿಂತ ದೊಡ್ಡದಿರುವುದಿಲ್ಲ. ಅದರ ಮುಚ್ಚಳ ತೆಗೆದು, ಸ್ಪ್ಯಾಚುಲಾ ಹಾಕಿ, ಸ್ವಲ್ಪ ಪುಡಿ ಅತ್ತಿತ್ತ ಬಿದ್ದರೆ ಅಂಗೈಯಿಂದ ಒರೆಸಿಬಿಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನರಿಗಿಲ್ಲ?

ಆಸಿಡ್ ಕೈಗೆ ತಾಗಿದರೆ ಉರಿಯುತ್ತದೆ. ಅಮೋನಿಯಾ ಬಾಟಲಿ ತೆರೆದರೆ ಮುಖ ತಾನಾಗಿ ಹಿಂದಕ್ಕೆ ಹೋಗುತ್ತದೆ. ಖಾರದ ಪುಡಿ ಮಾಡುವ ಗಿರಣಿಯ ಬಾಗಿಲಿಗೆ ಬಂದರೆ ಸಾಕು, ಸೀನು ಬರುತ್ತದೆ, ಗಾಳಿಯಲ್ಲಿ ಪುಡಿ ಇದೆ ಅಂತ ಯಾರೂ ಹೇಳಬೇಕಿಲ್ಲ. ಸ್ಟೀರಾಯ್ಡ್ ಪುಡಿ ಹಾಗಲ್ಲ. ಬಹುತೇಕ ಎಲ್ಲವೂ ಬಿಳಿ ಪುಡಿಗಳು. ವಾಸನೆ ಇಲ್ಲ, ಉರಿ ಇಲ್ಲ, ಕೆಮ್ಮೂ ಬರುವುದಿಲ್ಲ. ಇವತ್ತು ಒಳಗೆ ಹೋದದ್ದು ಇವತ್ತು ಏನೂ ತೋರಿಸುವುದಿಲ್ಲ. ವಾರಗಳಾದ ಮೇಲೆ, ಕೆಲವೊಮ್ಮೆ ತಿಂಗಳುಗಳಾದ ಮೇಲೆ ಮೈಯಲ್ಲಿ ಏನೋ ಬದಲಾಗಿದೆ ಅನಿಸುತ್ತದೆ. ಆಗ ಲ್ಯಾಬ್ ನೆನಪಿಗೆ ಬರುವುದೇ ಇಲ್ಲ. ಅದಕ್ಕೇ ನಾನು ಹೇಳುವುದು ಇಷ್ಟು: ಈ ಪುಡಿಗಳ ವಿಷಯದಲ್ಲಿ ನಮ್ಮ ಮೂಗು, ಚರ್ಮ, ಧೈರ್ಯ ಯಾವುದನ್ನೂ ನಂಬಬಾರದು. ಕೆಲಸ ಮಾಡುವ ಜಾಗವನ್ನೂ ಕ್ರಮವನ್ನೂ ಮಾತ್ರ ನಂಬಬೇಕು.

ಇವು ಇಷ್ಟು ಪ್ರಬಲ ಯಾಕೆ? ಅವನ್ನು ಹಾಗೆಂದೇ ತಯಾರಿಸಿದ್ದಾರೆ. ನಮ್ಮ ದೇಹದ ಈಸ್ಟ್ರಡಯಾಲ್ ಅನ್ನು, ಅಂದರೆ ಈಸ್ಟ್ರೋಜನ್ ಗುಂಪಿನ ಹೆಣ್ಣು ಹಾರ್ಮೋನನ್ನು, ಬಾಯಿಂದ ಕೊಟ್ಟರೆ ಲಿವರ್ ಬಹುಪಾಲನ್ನು ಒಡೆದುಹಾಕುತ್ತದೆ. 1938ರಲ್ಲಿ ಬರ್ಲಿನ್‌ನ ಶೆರಿಂಗ್ ಕಂಪನಿಯಲ್ಲಿ ಇನ್‌ಹಾಫೆನ್ ಮತ್ತು ಹೋಲ್‌ವೆಗ್ ಅದರ 17ನೇ ಕಾರ್ಬನ್‌ಗೆ ಒಂದು ಇಥಿನೈಲ್ ಗುಂಪನ್ನು ಸೇರಿಸಿದರು. ಲಿವರ್‌ಗೆ ಅದನ್ನು ಒಡೆಯುವುದು ಕಷ್ಟವಾಯಿತು, ಬಾಯಿಂದ ತೆಗೆದುಕೊಂಡರೂ ಕೆಲಸ ಮಾಡುವ ಔಷಧ, ಅಂದರೆ ಇಥಿನೈಲ್ ಈಸ್ಟ್ರಡಯಾಲ್, ಸಿಕ್ಕಿತು. ಊತ, ಅಲರ್ಜಿಗೆ ಕೊಡುವ ಡೆಕ್ಸಾಮೆಥಾಸೋನ್‌ದೂ ಅದೇ ಕಥೆ: 9ನೇ ಜಾಗದಲ್ಲಿ ಒಂದು ಫ್ಲೋರಿನ್, 16ನೇ ಜಾಗದಲ್ಲಿ ಒಂದು ಮೀಥೈಲ್, ಮೊದಲ ಉಂಗುರದಲ್ಲಿ ಇನ್ನೊಂದು ಡಬಲ್ ಬಾಂಡ್, ಅಷ್ಟಕ್ಕೇ ದೇಹದ ಕಾರ್ಟಿಸಾಲ್‌ಗಿಂತ ಸುಮಾರು 25 ಪಟ್ಟು ಶಕ್ತಿ. ರೋಗಿಗೆ ಇದು ವರ. ಆದರೆ ಪುಡಿ ತೂಗುವ ಹುಡುಗನ ದೇಹಕ್ಕೆ ಅದು ಔಷಧವೋ ಧೂಳೋ ಅಂತ ವ್ಯತ್ಯಾಸ ಗೊತ್ತಿಲ್ಲ.

ಇದು ಬರೀ ಥಿಯರಿ ಅಲ್ಲ. 1976ರಲ್ಲಿ ಅಮೆರಿಕದ ಅಧೀನದಲ್ಲಿರುವ ದ್ವೀಪ ಪೋರ್ಟೊರಿಕೊದ ಒಂದು ಕಾರ್ಖಾನೆಗೆ ಅಮೆರಿಕದ ಆರೋಗ್ಯ ಅಧಿಕಾರಿಗಳು ತನಿಖೆಗೆ ಹೋದರು. ಅಲ್ಲಿ ಗರ್ಭನಿರೋಧಕ ಮಾತ್ರೆ ತಯಾರಾಗುತ್ತಿತ್ತು. 25 ಗಂಡಸರಲ್ಲಿ 5 ಮಂದಿಗೆ ಹಿಂದಿನ ಒಂದು ವರ್ಷದಲ್ಲಿ ಈಸ್ಟ್ರೋಜನ್ ಜಾಸ್ತಿಯಾದ ಲಕ್ಷಣ ಕಂಡಿತ್ತು, ಕೆಲವರಿಗೆ ಎದೆ ಬೆಳೆದಿತ್ತು. 30 ಹೆಂಗಸರಲ್ಲಿ 12 ಮಂದಿಗೆ ಎರಡು ಮುಟ್ಟಿನ ನಡುವೆ ರಕ್ತಸ್ರಾವ ಆಗಿತ್ತು. ಅವರು ಯಾರೂ ಮಾತ್ರೆ ನುಂಗಿ ಹೀಗಾದವರಲ್ಲ. ಮಾತ್ರೆ ಮಾಡುವ ಜಾಗದಲ್ಲಿ ಕೆಲಸ ಮಾಡಿದವರು. ಎದೆ ಬೆಳೆದ ಆ ಗಂಡಸರು ಅದನ್ನು ಮನೆಯಲ್ಲಿ ಹೇಗೆ ಹೇಳಿಕೊಂಡಿರಬೇಕು, ಎಷ್ಟು ದಿನ ಅಂಗಿಯೊಳಗೆ ಮುಚ್ಚಿಟ್ಟುಕೊಂಡಿರಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ. 1978ರಲ್ಲಿ ಬ್ರಿಟನ್‌ನಿಂದ ಇನ್ನೊಂದು ವರದಿ ಬಂತು. ಸಿಂಥೆಟಿಕ್ ಗ್ಲುಕೋಕಾರ್ಟಿಕಾಯ್ಡ್ (ಡೆಕ್ಸಾಮೆಥಾಸೋನ್ ಥರ ಕಾರ್ಟಿಸಾಲ್‌ನ ಕೆಲಸ ಮಾಡುವ ಔಷಧ) ತಯಾರಿಸುವ ಕಾರ್ಮಿಕರಲ್ಲಿ ಕಾರ್ಟಿಸಾಲ್ ಮಾಡುವ ಅಡ್ರಿನಲ್ ಗ್ರಂಥಿಯೇ ಮಂಕಾಗಿತ್ತು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಲೇ ಇದ್ದುದರಿಂದ ದೇಹ ತನ್ನ ಕಾರ್ಟಿಸಾಲ್ ಮಾಡುವುದನ್ನೇ ಕಡಿಮೆ ಮಾಡಿಬಿಟ್ಟಿತ್ತು.

ಅವು ಕಾರ್ಖಾನೆ, ನಮ್ಮದು ಚಿಕ್ಕ ಲ್ಯಾಬ್ ಅಂತ ನೀವು ಹೇಳಬಹುದು. ನಿಜ, ಪ್ರಮಾಣ ಕಡಿಮೆ. ಆದರೆ ಒಳ್ಳೆಯ ಕಾರ್ಖಾನೆಗಳಲ್ಲಿ ಈಗ ಮುಚ್ಚಿದ ಯಂತ್ರ, ಐಸೊಲೇಟರ್ (ಗ್ಲೌಸ್ ಮೂಲಕ ಮಾತ್ರ ಕೈ ಹಾಕುವ ಮುಚ್ಚಿದ ಪೆಟ್ಟಿಗೆ), ಗಾಳಿಯ ಪರೀಕ್ಷೆ ಎಲ್ಲ ಇದೆ. ಇಂಥ ಪ್ರಬಲ ಔಷಧಗಳಿಗೆ ಕಂಪನಿಗಳು ತಾವೇ ಒಂದು ಮಿತಿ ಹಾಕಿಕೊಳ್ಳುತ್ತವೆ. ಅತಿ ಪ್ರಬಲವಾದ ಗುಂಪಿಗೆ ಅದು ಒಂದು ಘನ ಮೀಟರ್ ಗಾಳಿಯಲ್ಲಿ 1 ಮೈಕ್ರೋಗ್ರಾಂಗಿಂತಲೂ ಕಡಿಮೆ. ಎಂಟು ಗಂಟೆಯ ಪಾಳಿಯಲ್ಲಿ ಒಬ್ಬ ಮನುಷ್ಯ ಸುಮಾರು 10 ಘನ ಮೀಟರ್ ಗಾಳಿ ಉಸಿರಾಡುತ್ತಾನೆ ಅಂತ ಲೆಕ್ಕ ಹಿಡಿಯುತ್ತಾರೆ. ಕಾಲೇಜಿನ ಲ್ಯಾಬ್‌ನಲ್ಲಿ ಗಾಳಿ ಅಳೆಯುವವರು ಯಾರು? ಫ್ಯಾನ್ ಹಾಕಿ, ಕಿಟಕಿ ತೆರೆದು, ಬ್ಯಾಲೆನ್ಸ್ ರೂಮಿನಲ್ಲಿ ಐದು ಜನ ಸಾಲು ನಿಂತು ತೂಗುವುದು ನಮ್ಮ ಪದ್ಧತಿ. ಬೀದರ್‌ನಿಂದ ಮೈಸೂರಿನವರೆಗೆ ಎಷ್ಟೋ ಫಾರ್ಮಸಿ ಕಾಲೇಜುಗಳಲ್ಲಿ ಎಂ.ಫಾರ್ಮ್ ಪ್ರಾಜೆಕ್ಟ್ ಅಂದರೆ ಒಂದು ಔಷಧಕ್ಕೆ ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಮೆಥಡ್ ಕಟ್ಟುವುದು. ಆ ಔಷಧ ಗರ್ಭನಿರೋಧಕ ಮಾತ್ರೆಯ ಲೆವೊನೊರ್ಜೆಸ್ಟ್ರೆಲ್ ಆಗಿರಬಹುದು, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದಾಗ ಕೊಡುವ ಫಿನಾಸ್ಟರೈಡ್ ಆಗಿರಬಹುದು. ಪ್ಯಾರಸಿಟಮಾಲ್ ತೂಗಿದ ಕೈ ಅದನ್ನೂ ಹಾಗೆಯೇ ತೂಗುತ್ತದೆ.

ಅಪಾಯದ ಬಹುಪಾಲು ಈ ತೂಗುವ ಮೇಜಿನ ಮೇಲಿದೆ. ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ತರಬೇತಿಗೆ ನಾವು ಒಂದು ಪರೀಕ್ಷೆ ಮಾಡಿಸುತ್ತೇವೆ. ಲ್ಯಾಕ್ಟೋಸ್‌ಗೆ ಯುವಿ ಬೆಳಕಿನಲ್ಲಿ ಹೊಳೆಯುವ ತರಬೇತಿ ಪುಡಿ ಬೆರೆಸಿ ಒಂದು ವಯಲ್‌ನಲ್ಲಿ ಕೊಡುತ್ತೇವೆ. ಎಂದಿನಂತೆ 10 ಮಿಲಿಗ್ರಾಂ ತೂಗು, ಫ್ಲಾಸ್ಕ್‌ಗೆ ಹಾಕು, ನೋಟ್‌ಬುಕ್‌ನಲ್ಲಿ ಬರೆ, ಅಷ್ಟೇ. ಆಮೇಲೆ ದೀಪ ಆರಿಸಿ ಯುವಿ ಟಾರ್ಚ್ ಹಾಕಿದರೆ ಎಲ್ಲ ಕಾಣುತ್ತದೆ. ಬಟರ್ ಪೇಪರ್‌ನ ಅಂಚಿನಲ್ಲಿ ಒಂದು ಗೆರೆ. ಬ್ಯಾಲೆನ್ಸ್‌ನ ಜಾರುಬಾಗಿಲಿನ ಹಿಡಿಯ ಮೇಲೆ ಎರಡು ಬೆರಳಿನ ಗುರುತು. ತೂಕವನ್ನು ಸೊನ್ನೆಗೆ ತರುವ ಟೇರ್ ಬಟನ್ ಮೇಲೆ ಒಂದು. ಪೆನ್ನಿನ ಕ್ಯಾಪ್ ಮೇಲೆ, ನೋಟ್‌ಬುಕ್‌ನ ಮೂಲೆಯಲ್ಲಿ, ಫೋನ್‌ನ ಸ್ಕ್ರೀನ್ ಮೇಲೆ, ಕನ್ನಡಕ ಸರಿಮಾಡಿಕೊಂಡ ಜಾಗದಲ್ಲಿ ಮೂಗಿನ ಪಕ್ಕ. ತೂಗಿದ ಹುಡುಗಿ ಗ್ಲೌಸ್ ಹಾಕಿದ್ದಳು, ಮಾಸ್ಕೂ ಇತ್ತು. ಗ್ಲೌಸ್ ಅವಳ ಕೈಯನ್ನು ಕಾಪಾಡಿತು, ಆದರೆ ಪುಡಿಯನ್ನು ಊರೆಲ್ಲ ಹಂಚಿತು. ಬ್ಯಾಲೆನ್ಸ್‌ಗೆ ಮುಂದೆ ಬರುವವನು ಬರಿಗೈಯಲ್ಲಿ ಅದೇ ಬಾಗಿಲು ಮುಟ್ಟುತ್ತಾನೆ, ಅವನು ತೂಗುತ್ತಿರುವುದು ಬರೀ ಸಿಟ್ರಿಕ್ ಆಸಿಡ್ ಆಗಿರಬಹುದು.

ಹಾಗಾದರೆ ಹೇಗೆ ತೂಗಬೇಕು? ತೂಗದೇ ಇರುವುದೇ ಎಲ್ಲಕ್ಕಿಂತ ಒಳ್ಳೆಯದು. 25 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅಂತ ತೂಕ ಮಾಡಿಯೇ ಮಾರುವ ವಯಲ್ ಸಿಗುತ್ತದೆ. ಅದರ ಅಣುತೂಕ 392.46. 25 ಮಿಲಿಗ್ರಾಂ ಅಂದರೆ 63.7 ಮೈಕ್ರೋಮೋಲ್. ಆ ವಯಲ್‌ಗೇ 6.37 ಮಿಲಿಲೀಟರ್ ಡಿಎಂಎಸ್‌ಒ ಅನ್ನುವ ದ್ರಾವಕ ಹಾಕಿ, ಮುಚ್ಚಳ ಬಿಗಿದು ಅಲ್ಲಾಡಿಸಿದರೆ 10 ಮಿಲಿಮೋಲಾರ್ ಸ್ಟಾಕ್ (ಆಮೇಲೆ ತೆಳುಮಾಡಿ ಬಳಸುವ ದ್ರಾವಣ) ಸಿದ್ಧ. ಪುಡಿ ವಯಲ್‌ನಿಂದ ಹೊರಗೆ ಬರಲೇ ಇಲ್ಲ, ಅಲ್ವಾ? ಸೆಲ್ ಕಲ್ಚರ್ ಮಾಡುವವರಿಗೆ ಇಷ್ಟು ನಿಖರತೆ ಧಾರಾಳ ಸಾಕು.

ನಿಖರ ತೂಕ ಬೇಕೇ ಬೇಕು ಅನ್ನುವವರು ಹೀಗೆ ಮಾಡಿ. ಖಾಲಿ ವಯಲನ್ನು ಮುಚ್ಚಳದ ಸಮೇತ ಬ್ಯಾಲೆನ್ಸ್ ಮೇಲೆ ತೂಗಿ ಬರೆದುಕೊಳ್ಳಿ. ಫ್ಯೂಮ್ ಹುಡ್ ಒಳಗೆ ಒಯ್ದು, ಅಲ್ಲಿ ಅಂದಾಜಿಗೆ ಸ್ವಲ್ಪ ಪುಡಿ ಹಾಕಿ, ಮುಚ್ಚಿ, ಹೊರಮೈ ಒರೆಸಿ, ಹೊರಗಿನ ಗ್ಲೌಸ್ ಬಿಚ್ಚಿ ಅಲ್ಲೇ ಬಿಡಿ. ಮುಚ್ಚಿದ ವಯಲನ್ನು ಮತ್ತೆ ತೂಗಿ. ವ್ಯತ್ಯಾಸವೇ ನಿಮ್ಮ ತೂಕ. ನಿಮಗೆ ಬೇಕಾದದ್ದು 10.0, ಬಂದದ್ದು 11.3 ಆಗಿದ್ದರೆ ಪುಡಿ ವಾಪಸ್ ತೆಗೆಯಲು ಹೋಗಬೇಡಿ, ದ್ರಾವಕವನ್ನು ಅದಕ್ಕೆ ತಕ್ಕ ಹಾಗೆ ಜಾಸ್ತಿ ಹಾಕಿ. ಸರಿಯಾಗಿ ಹತ್ತೇ ಬರಬೇಕು ಅಂತ ಸ್ಪ್ಯಾಚುಲಾದಲ್ಲಿ ಚೂರು ಹಾಕುವುದು, ಚೂರು ತೆಗೆಯುವುದು ಇದೆಯಲ್ಲ, ಅಷ್ಟೂ ಹೊತ್ತು ಬಾಟಲಿ ತೆರೆದಿರುತ್ತದೆ, ಪುಡಿ ಹಾರುತ್ತಿರುತ್ತದೆ. ಬೇಸಿಗೆಯ ಒಣ ಹವೆಯಲ್ಲಿ ಸ್ಟ್ಯಾಟಿಕ್‌ನಿಂದ ಪುಡಿ ಸ್ಪ್ಯಾಚುಲಾದಿಂದ ಚಿಮ್ಮುವುದನ್ನು ನೀವೆಲ್ಲ ನೋಡಿದ್ದೀರಿ. ಪುಡಿ ತೂಗುವ ಪ್ಲಾಸ್ಟಿಕ್ ದೋಣಿ (ವೇಯಿಂಗ್ ಬೋಟ್) ಬಿಟ್ಟು ಗಾಜಿನದೋ ಲೋಹದ್ದೋ ಬಳಸಿ, ಸಾಧ್ಯವಿದ್ದರೆ ಆಂಟಿಸ್ಟ್ಯಾಟಿಕ್ ಉಪಕರಣ ಇಟ್ಟುಕೊಳ್ಳಿ.

ಹುಡ್ ಅಂದೆ. ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ಬಯೋಟೆಕ್ ಲ್ಯಾಬ್‌ಗಳಲ್ಲಿ ಲ್ಯಾಮಿನಾರ್ ಫ್ಲೋ ಅಂತ ಒಂದು ಇರುತ್ತದೆ. ಟಿಶ್ಯೂ ಕಲ್ಚರ್‌ಗೆ ಬಳಸುವ, ಗಾಳಿ ಅಡ್ಡಡ್ಡ ಬೀಸುವ ಆ ಪೆಟ್ಟಿಗೆ ನಿಮ್ಮನ್ನು ಕಾಪಾಡಲು ಮಾಡಿದ್ದಲ್ಲ, ಒಳಗಿರುವ ಗಿಡವನ್ನು ಕಾಪಾಡಲು ಮಾಡಿದ್ದು. ಫಿಲ್ಟರ್ ಆದ ಗಾಳಿ ಹಿಂದಿನಿಂದ ಬಂದು ವಸ್ತುವಿನ ಮೇಲೆ ಹಾಯ್ದು ನೇರ ನಿಮ್ಮ ಮುಖಕ್ಕೆ ಬರುತ್ತದೆ. ಅದರಲ್ಲಿ ಸ್ಟೀರಾಯ್ಡ್ ಪುಡಿ ತೆರೆದರೆ, ತೆರೆದ ಮೇಜಿಗಿಂತ ಕೆಟ್ಟದು. ದಯವಿಟ್ಟು ಇದೊಂದನ್ನು ಯಾರೂ ಮಾಡಬೇಡಿ. ಫ್ಯೂಮ್ ಹುಡ್ ಗಾಳಿಯನ್ನು ನಿಮ್ಮ ಕಡೆಯಿಂದ ಒಳಗೆ ಎಳೆಯುತ್ತದೆ, ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ. ಅಂಚಿನಿಂದ 15 ಸೆಂಟಿಮೀಟರ್ ಒಳಗೆ ಕೆಲಸ ಮಾಡಿ, ಮುಂದಿನ ಗಾಜನ್ನು ಗದ್ದಕ್ಕಿಂತ ಕೆಳಗೆ ಇಳಿಸಿ, ಕೈ ನಿಧಾನ ಆಡಿಸಿ. ಹುಡ್ ತುಂಬ ಹಳೆಯ ಬಾಟಲಿ ತುಂಬಿದ್ದರೆ ಗಾಳಿ ಸುಳಿ ತಿರುಗಿ ಹೊರಗೆ ಬರುತ್ತದೆ. ನಮ್ಮಲ್ಲಿ ಎಷ್ಟೋ ಹುಡ್‌ಗಳು ಸ್ಟೋರ್ ರೂಮ್ ಆಗಿವೆ. ಮೊದಲು ಅದನ್ನು ಖಾಲಿ ಮಾಡಿ.

ಗ್ಲೌಸ್ ಬಗ್ಗೆ. ಎರಡು ಜೊತೆ ನೈಟ್ರೈಲ್ ಹಾಕಿ, ಒಳಗಿನದು ಕೋಟಿನ ತೋಳಿನ ಕೆಳಗೆ, ಹೊರಗಿನದು ತೋಳಿನ ಮೇಲೆ. ಪುಡಿಗೆ ಇದು ಸಾಕು. ಆದರೆ ಸ್ಟೀರಾಯ್ಡ್ ದ್ರಾವಣದಲ್ಲಿ ಇರುವಾಗ ಗ್ಲೌಸ್ ತಡೆಯಬೇಕಾದದ್ದು ದ್ರಾವಕವನ್ನು. ತೆಳು ನೈಟ್ರೈಲ್ ಅನ್ನು ಡೈಕ್ಲೋರೋಮೀಥೇನ್ ಒಂದೆರಡು ನಿಮಿಷದೊಳಗೇ ದಾಟುತ್ತದೆ, ಅಸಿಟೋನ್ ಕೂಡ ಬೇಗ ದಾಟುತ್ತದೆ. ಹನಿ ಬಿದ್ದ ತಕ್ಷಣ ಹೊರಗಿನ ಗ್ಲೌಸ್ ಬದಲಿಸಿ, ಒಣಗಲಿ ಅಂತ ಕಾಯಬೇಡಿ. ಡಿಎಂಎಸ್‌ಒ ಇನ್ನೂ ಹುಷಾರಿನ ವಿಷಯ. ಅದು ಚರ್ಮದೊಳಗೆ ಹೋಗುತ್ತದೆ, ಕರಗಿದ್ದನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಎಥನಾಲ್ ಕೂಡ ಸ್ಟೀರಾಯ್ಡನ್ನು ಕರಗಿಸಿ ಒಳಗೆ ಹೋಗಲು ಸಹಾಯ ಮಾಡುತ್ತದೆ, ಅದಕ್ಕೇ ಚರ್ಮಕ್ಕೆ ಸ್ಟೀರಾಯ್ಡ್ ತಾಗಿದರೆ ಎಥನಾಲ್‌ನಿಂದ ಒರೆಸಿಕೊಳ್ಳಬೇಡಿ. ಸೋಪು ನೀರು, ಧಾರಾಳವಾಗಿ. ಕಣ್ಣಿಗಾದರೆ 15 ನಿಮಿಷ ಹರಿಯುವ ನೀರು, ಆಮೇಲೆ ಡಾಕ್ಟರ್.

ಮೇಜನ್ನು ಒರೆಸುವಾಗ ಮಾತ್ರ ಲೆಕ್ಕ ಬೇರೆ. ಬಹುತೇಕ ಸ್ಟೀರಾಯ್ಡ್‌ಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಬರೀ ಒದ್ದೆ ಬಟ್ಟೆ ಪುಡಿಯನ್ನು ಅಲ್ಲಿಂದಿಲ್ಲಿಗೆ ಸರಿಸುತ್ತದೆ ಅಷ್ಟೇ. ಒಣ ಬ್ರಷ್ ಅಂತೂ ಬೇಡವೇ ಬೇಡ. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿದ ಟಿಶ್ಯೂ, ಆಮೇಲೆ ಡಿಟರ್ಜೆಂಟ್ ನೀರು, ಆಮೇಲೆ ಬರೀ ನೀರು. ಸ್ವಚ್ಛ ಇರುವ ಕಡೆಯಿಂದ ಕೊಳೆಯಾದ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಿ, ಪ್ರತಿ ಸಲ ಟಿಶ್ಯೂ ಮಡಚಿ. ಆಲ್ಕೋಹಾಲ್ ಬಳಸುವಾಗ ಹತ್ತಿರ ಬರ್ನರ್, ಹಾಟ್‌ಪ್ಲೇಟ್ ಉರಿಯುತ್ತಿರಬಾರದು.

ಇನ್ನೊಂದು ಹಳೆಯ ಅಭ್ಯಾಸ. "20 ಮಾತ್ರೆ ತೂಗಿ ಪುಡಿ ಮಾಡಿ" ಅಂತ ಅಸ್ಸೇ (ಮಾತ್ರೆಯಲ್ಲಿ ಔಷಧ ಎಷ್ಟಿದೆ ಅಂತ ಅಳೆಯುವ) ವಿಧಾನ ಶುರುವಾಗುತ್ತದೆ, ನಾವು ಖಲ್ಲು ತೆಗೆದು ಅರೆಯಲು ಕೂರುತ್ತೇವೆ. 5 ಮಿಲಿಗ್ರಾಂನ 20 ಫಿನಾಸ್ಟರೈಡ್ ಮಾತ್ರೆ ಅಂದರೆ 100 ಮಿಲಿಗ್ರಾಂ ಔಷಧ ತೆರೆದ ಖಲ್ಲಿನಲ್ಲಿ. ಇದೇ ಫಿನಾಸ್ಟರೈಡ್‌ನ ಎಚ್ಚರಿಕೆಯಲ್ಲಿ, ಪುಡಿಯಾದ ಅಥವಾ ಮುರಿದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು ಎಂದಿದೆ. ಕೋಟಿಂಗ್ ಇರುವ ಇಡೀ ಮಾತ್ರೆಗೆ ಆ ಭಯ ಇಲ್ಲ, ಅಂದರೆ ಅಪಾಯವನ್ನು ಹೊರಗೆ ತರುವುದು ನಮ್ಮ ಖಲ್ಲು. ಇಡೀ ಮಾತ್ರೆಗಳನ್ನೇ ಫ್ಲಾಸ್ಕ್‌ಗೆ ಹಾಕಿ, ದ್ರಾವಕ ಹಾಕಿ, ಮುಚ್ಚಳ ಮುಚ್ಚಿ ಕರಗಿಸುವ ಹಾಗೆ ಮೆಥಡ್ ಕಟ್ಟಬಹುದು. ಪ್ರಾಜೆಕ್ಟ್ ಮಾಡುವವರು ನೀವೇ, ವ್ಯಾಲಿಡೇಟ್ ಮಾಡುವವರೂ ನೀವೇ.

ಬಾಟಲಿಯ ಲೇಬಲ್ ಓದುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಎದೆಯ ಮೇಲೆ ನಕ್ಷತ್ರ ಸಿಡಿದಂತಿರುವ ಮನುಷ್ಯನ ಚಿತ್ರ ಇದ್ದರೆ ನಿಲ್ಲಿ. ಎಚ್‌360 ಅಂದರೆ ಸಂತಾನಶಕ್ತಿಗೆ ಅಥವಾ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ಎಚ್‌362 ಅಂದರೆ ಎದೆಹಾಲು ಕುಡಿಯುವ ಮಗುವಿಗೆ ಹಾನಿ ಆಗಬಹುದು. ಸೇಫ್ಟಿ ಡೇಟಾ ಶೀಟ್‌ನಲ್ಲಿ "ಮಾಹಿತಿ ಲಭ್ಯವಿಲ್ಲ" ಅಂತ ಇದ್ದರೆ ಅದು ಸುರಕ್ಷಿತ ಅಂತಲ್ಲ, ಯಾರೂ ಪರೀಕ್ಷಿಸಿಲ್ಲ ಅಂತ. ನೀವೇ ಸಿಂಥಸೈಸ್ ಮಾಡಿದ ಹೊಸ ಸ್ಟೀರಾಯ್ಡ್‌ಗೆ ಶೀಟೇ ಇರುವುದಿಲ್ಲ. ಅದನ್ನು ಅತಿ ಪ್ರಬಲ ಅಂತಲೇ ಭಾವಿಸಿ ಕೆಲಸ ಶುರುಮಾಡಿ.

ಈಗ ನನಗೆ ಸಿಟ್ಟು ಬರುವ ಒಂದು ವಿಷಯ. ಕೆಲವು ಕಡೆ ಸುರಕ್ಷತೆ ಅಂದರೆ "ಹೆಣ್ಣುಮಕ್ಕಳಿಗೆ ಈ ಪ್ರಾಜೆಕ್ಟ್ ಬೇಡ" ಅನ್ನುವುದು. ಇದು ಸುರಕ್ಷತೆ ಅಲ್ಲ. ಪೋರ್ಟೊರಿಕೊದ ಆ 5 ಗಂಡಸರನ್ನು ನೆನಪಿಸಿಕೊಳ್ಳಿ. ಇನ್ನು ಗರ್ಭಿಣಿಯ ವಿಷಯ ನಿಜಕ್ಕೂ ಗಂಭೀರ, ಆದರೆ ಮಗುವಿನ ಅಂಗಗಳು ರೂಪುಗೊಳ್ಳುವುದು ಮೊದಲ ವಾರಗಳಲ್ಲಿ. ಎಷ್ಟೋ ಜನರಿಗೆ ಆಗ ತಾವು ಗರ್ಭಿಣಿ ಅಂತಲೇ ಗೊತ್ತಿರುವುದಿಲ್ಲ, ಗೊತ್ತಿದ್ದವರೂ ಯಾರಿಗೂ ಹೇಳಿರುವುದಿಲ್ಲ. ಅವಳು ಬಂದು ಹೇಳಲಿ, ಆಮೇಲೆ ನೋಡೋಣ ಅನ್ನುವ ನಿಯಮ ಕೆಲಸಕ್ಕೆ ಬಾರದು. ಮೊದಲ ದಿನದಿಂದಲೇ ಎಲ್ಲರಿಗೂ ಸುರಕ್ಷಿತವಾಗಿರುವ ಹಾಗೆ ಲ್ಯಾಬ್ ಇರಬೇಕು. ಅದರ ಮೇಲೆ, ಈ ವಸ್ತು ನನಗೆ ಬೇಡ ಅಂತ ಯಾರೇ ಹೇಳಲಿ, ಹುಡುಗನೋ ಹುಡುಗಿಯೋ, ಕಾರಣ ಕೇಳದೆ ಬೇರೆ ಕೆಲಸ ಕೊಡಬೇಕು.

ಕೋಟು ಮನೆಗೆ ಒಯ್ದು ಒಗೆಯುವುದೂ ಇದಕ್ಕೇ ಸೇರಿದ್ದು. 2009ರಲ್ಲಿ ಅಮೆರಿಕದ ಔಷಧ ಇಲಾಖೆ ಗಂಡು ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ಜೆಲ್‌ಗಳ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಜೆಲ್ ಹಚ್ಚಿಕೊಂಡ ದೊಡ್ಡವರ ಮೈ ತಾಗಿ ಮನೆಯ ಚಿಕ್ಕ ಮಕ್ಕಳಲ್ಲಿ ಹೊತ್ತಿಗೆ ಮುಂಚೆ ಪ್ರೌಢ ಲಕ್ಷಣಗಳು ಕಾಣಿಸಿಕೊಂಡಿದ್ದವು. ನಿಮ್ಮ ಕೋಟಿನ ತೋಳು ನಿಮ್ಮ ತಮ್ಮನ, ಮಗಳ ಬಟ್ಟೆಯ ಜೊತೆ ಒಂದೇ ಬಕೆಟ್‌ನಲ್ಲಿ ನೆನೆಯಬಾರದು. ಈ ಕೆಲಸಕ್ಕೆ ಒಂದು ಬೇರೆ ಕೋಟು, ಅದು ಲ್ಯಾಬ್ ಬಿಟ್ಟು ಹೊರಗೆ ಬರಬಾರದು, ಕ್ಯಾಂಟೀನ್‌ಗಂತೂ ಬರಲೇಬಾರದು.

ಇನ್ನು ಉಳಿದದ್ದನ್ನು ಸಿಂಕ್‌ಗೆ ಸುರಿಯುವ ಅಭ್ಯಾಸ. ಕೆನಡಾದ ಒಂಟಾರಿಯೊದಲ್ಲಿ ಸಂಶೋಧನೆಗೆಂದೇ ಇಟ್ಟಿರುವ ಕೆರೆಗಳಿವೆ. ಅದರಲ್ಲಿ 260ನೇ ನಂಬರಿನ ಕೆರೆಗೆ ಕ್ಯಾರೆನ್ ಕಿಡ್ ಮತ್ತು ಅವರ ತಂಡ 2001ರಿಂದ 2003ರವರೆಗೆ ಪ್ರತಿ ಬೇಸಿಗೆ ಇಥಿನೈಲ್ ಈಸ್ಟ್ರಡಯಾಲ್ ಹಾಕಿತು, ಲೀಟರ್‌ಗೆ 5ರಿಂದ 6 ನ್ಯಾನೋಗ್ರಾಂ ಮಾತ್ರ. ಗಂಡು ಮೀನುಗಳಲ್ಲಿ ಮೊಟ್ಟೆಯ ಪ್ರೋಟೀನ್ ಬರತೊಡಗಿತು. ಫ್ಯಾಟ್‌ಹೆಡ್ ಮಿನ್ನೋ ಅನ್ನುವ ಸಣ್ಣ ಮೀನು ಆ ಕೆರೆಯಿಂದ ಹೆಚ್ಚುಕಡಿಮೆ ಅಳಿದೇಹೋಯಿತು. ಲೆಕ್ಕ ಹಾಕಿ: ಒಂದು ಗ್ರಾಂ 20 ಕೋಟಿ ಲೀಟರ್ ನೀರನ್ನು ಆ ಮಟ್ಟಕ್ಕೆ ತರುತ್ತದೆ. ಆದ್ದರಿಂದ ಎಚ್‌ಪಿಎಲ್‌ಸಿ ವೇಸ್ಟ್ ಬಾಟಲಿ, ವಯಲ್ ತೊಳೆದ ಮೊದಲ ಮೂರು ಸಲದ ದ್ರಾವಕ, ಒರೆಸಿದ ಟಿಶ್ಯೂ, ಗ್ಲೌಸ್ ಎಲ್ಲವನ್ನೂ ಹೆಸರು ಬರೆದು ಬೇರೆ ಇಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಏಜೆನ್ಸಿಗೆ ಸುಡಲು ಕೊಡಿ.

ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಎನ್‌95 ಮಾಸ್ಕ್ ಹಾಕಿದರೆ ಹೊರಗೇ ತೂಗಬಹುದಾ ಸಾರ್ ಅಂತ ಒಬ್ಬರು ಕೇಳಿದರು. ಬೇಡ. ಮುಖಕ್ಕೆ ಸರಿಯಾಗಿ ಕೂತರೆ ಮಾತ್ರ ಅದು ಕೆಲಸ ಮಾಡುತ್ತದೆ, ಗಡ್ಡ ಇದ್ದರೆ ಕೂರುವುದಿಲ್ಲ. ಕೂತರೂ ಅದು ನಿಮ್ಮೊಬ್ಬರನ್ನು ಕಾಯುತ್ತದೆ, ಪಕ್ಕದವರನ್ನಲ್ಲ. ಪುಡಿ ಚೆಲ್ಲಿದ್ದನ್ನು ಬಳಿಯುವಾಗ ಹಾಕಿಕೊಳ್ಳಿ, ಹುಡ್‌ಗೆ ಬದಲಿಯಾಗಿ ಬೇಡ.

ಎರಡನೆಯದನ್ನು ಕೇಳಿದ ಹುಡುಗ ಒಂದು ಘಟಕದಲ್ಲಿ ಡೆಕ್ಸಾಮೆಥಾಸೋನ್ ಪ್ಯಾಕಿಂಗ್ ಕೆಲಸದಲ್ಲಿರುವ ತನ್ನ ಅಣ್ಣನ ಬಗ್ಗೆ ಹೇಳಿದ. ಮುಖ ಊದಿಕೊಂಡಿದೆ, ಸುಸ್ತು, ಕೆಲಸ ಬಿಟ್ಟುಬಿಡಲಿ ಅಂತ ಮನೆಯಲ್ಲಿ ಹೇಳುತ್ತಿದ್ದಾರಂತೆ. ನಾನು ಹೇಳಿದ್ದು: ಬಿಡುವುದಕ್ಕೆ ಮುಂಚೆಯೇ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಕರೆದುಕೊಂಡು ಹೋಗಿ, ಏನು ಕೆಲಸ ಅಂತ ಬಾಯಿಬಿಟ್ಟು ಹೇಳಿ, ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿ. ಅಡ್ರಿನಲ್ ಮಂಕಾಗಿದ್ದರೆ, ಹೊರಗಿನ ಸ್ಟೀರಾಯ್ಡ್ ಒಮ್ಮೆಲೇ ನಿಂತಾಗ ದೇಹ ತಡೆದುಕೊಳ್ಳುವುದಿಲ್ಲ. ಬಿ.ಪಿ. ಕುಸಿಯಬಹುದು, ಜ್ವರವೋ ಆಪರೇಶನ್ನೋ ಬಂದರೆ ಜೀವಕ್ಕೇ ಅಪಾಯ. ಕೆಲಸದಿಂದ ದೂರ ಇರಲೇಬೇಕು, ಆದರೆ ಡಾಕ್ಟರ್ ಕಣ್ಣಿನ ಕೆಳಗೆ.

ಮೂರನೆಯದು ಒಬ್ಬ ಮೇಡಂ ಕೇಳಿದ್ದು, ಎಲ್ಲ ಕಾಲೇಜುಗಳ ಕಷ್ಟ ಅದು. ನಮ್ಮಲ್ಲಿ ದುಡ್ಡಿಲ್ಲ, ಹುಡ್ ಒಂದೇ ಇದೆ, ಪ್ರಾಕ್ಟಿಕಲ್‌ಗೆ ಅರವತ್ತು ಮಕ್ಕಳು, ಏನು ಮಾಡೋಣ? ಪ್ರಾಕ್ಟಿಕಲ್‌ಗೆ ಹಾರ್ಮೋನ್ ಬೇಕಾಗಿಯೇ ಇಲ್ಲ ಮೇಡಂ. ಎಚ್‌ಪಿಎಲ್‌ಸಿ ಕಲಿಸಲು ಕೆಫೀನ್, ಪ್ಯಾರಸಿಟಮಾಲ್ ಸಾಕು. ಸ್ಟೀರಾಯ್ಡ್ ಉಂಗುರದ ಬಣ್ಣದ ಪರೀಕ್ಷೆ ತೋರಿಸಬೇಕೆಂದರೆ ಕೊಲೆಸ್ಟ್ರಾಲ್ ಇದೆ, ಲೀಬರ್‌ಮನ್–ಬುರ್ಚಾರ್ಡ್ ಅನ್ನುವ ಆ ಪರೀಕ್ಷೆಗೆ ಅದೇ ಚೆನ್ನಾಗಿ ಹಸಿರು ಕೊಡುತ್ತದೆ. ಟಿಎಲ್‌ಸಿಯಲ್ಲಿ (ತೆಳು ಪದರದ ಕ್ರೊಮಟೋಗ್ರಫಿ) ಬೇರ್ಪಡಿಸಿ ತೋರಿಸಲು ಕೊಲೆಸ್ಟ್ರಾಲ್ ಮತ್ತು ಕೊಲೆಸ್ಟರೈಲ್ ಅಸಿಟೇಟ್. ನಿಜವಾದ ಹಾರ್ಮೋನ್ ಬೇಕಾಗುವುದು ಎರಡೋ ಮೂರೋ ಪ್ರಾಜೆಕ್ಟ್‌ಗಳಿಗೆ. ಅವರಿಗೆ ಮಾತ್ರ ಆ ಒಂದು ಹುಡ್ ಬಿಟ್ಟುಕೊಡಿ, ಮುಂಚೆಯೇ ತೂಕ ಮಾಡಿರುವ ಮಿಲಿಗ್ರಾಂ ವಯಲ್ ತರಿಸಿ, ಗ್ರಾಂ ಬಾಟಲಿಯನ್ನು ಆರ್ಡರ್ ಮಾಡಲೇಬೇಡಿ.